ಕೂತವರನ್ನು ಎಬ್ಬಿಸುವ ಗುತ್ತಿಗೆ

ಇವತ್ತು ಬೆಳಿಗ್ಗೆ ಕಾರು ಹಿಂದಕ್ಕೆ ತೆಗೆಯುವಾಗ ಬಂಪರು ಅಂಗಳದ ಕಲ್ಲಿಗೆ ತಾಗಿತು. ಇಳಿದು ನೋಡಿದರೆ ಬಂಪರಿಗೆ ಗೀರು ಬಿದ್ದಿತ್ತು, ಕಲ್ಲಿಗೆ ಏನೂ ಆಗಿರಲಿಲ್ಲ. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಆ ಕಲ್ಲಿನ ಮುಂದೆ ನನಗೆ ಬಾಯಿಲ್ಲ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ಕುಲಗೋಡದ ನಮ್ಮ ಮನೆಯ ಮುಂದೆ ಎರಡು ವರ್ಷದ ಹಿಂದಿನವರೆಗೂ ಒಂದು ಕಲ್ಲಿನ ಕಟ್ಟೆಯಿತ್ತು, ಅಂಗಳದ ಸುತ್ತ ತಂತಿ ಬೇಲಿಯಿತ್ತು. ಬೇಲಿ ಇದ್ದದ್ದು ಆಡುಗಳಿಗೆ. ಮನುಷ್ಯರಾದವರು ಸಂದಿಯಲ್ಲಿ ನುಸುಳಿ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು, ಕೇಳುವ ಪದ್ಧತಿ ಇರಲಿಲ್ಲ. ಅವರಲ್ಲಿ ಖಾಯಂ ಗಿರಾಕಿ ಎಂದರೆ ಬಾಜೂ ಮನೆಯ ಅಜ್ಜಿ, ನೀಲವ್ವ ಆಯಿ. ಅವರ ಮಗ ಹೊಸ ಮನೆ ಕಟ್ಟಿಸಿ ಆಳೆತ್ತರದ ಕಬ್ಬಿಣದ ಗೇಟು ಹಾಕಿಸಿದ್ದ. ಒಳಗೆ ಕೂತರೆ ರಸ್ತೆ ಕಾಣದು, ರಸ್ತೆ ಕಾಣದಿದ್ದರೆ ಆಯಿಗೆ ಹೊತ್ತು ಹೋಗದು. ಹಾಗಾಗಿ ಮೊರದ ತುಂಬ ಶೇಂಗಾ ಹಿಡಿದು ಬಂದು ನಮ್ಮ ಕಟ್ಟೆಯ ಮೂಲೆಯಲ್ಲಿ ಕೂತರೆಂದರೆ, ಗೋಕಾಕದ ಬಸ್ಸಿಗೆ ಓಡುವವರನ್ನೂ ನಿಲ್ಲಿಸಿ ವಿಚಾರಿಸಿಯೇ ಕಳಿಸುವರು.

ನಾನೂ ಆ ಬಸ್ಸಿಗೆ ಓಡುತ್ತಿದ್ದವನೇ. ಸೆಕೆಂಡ್ ಹ್ಯಾಂಡ್ ಕಾರು ಕೊಂಡದ್ದೇ ತಡ, ಅದಕ್ಕೆ ಜಾಗ ಬೇಕು, ನೆರಳು ಬೇಕು ಎಂಬ ಚಿಂತೆ ಹತ್ತಿತು. ಮದುವೆಯ ಹೊಸತರಲ್ಲಿ ತನ್ನನ್ನೂ ಇಷ್ಟು ಕಾಳಜಿ ಮಾಡಿರಲಿಲ್ಲವೆಂದು ಹೆಂಡತಿ ಅಂದಳು. ಮೂಡಲಗಿಯಿಂದ ಮಲ್ಲಪ್ಪ ಎಂಬ ಗುತ್ತಿಗೆದಾರನನ್ನು ಕರೆಸಿದೆ. ಬೇಲಿ ಕೀಳಬೇಕು, ಕಟ್ಟೆ ಒಡೆಯಬೇಕು, ರೂಢಿಯಂತೆ ಹಳೆಯ ಕಲ್ಲೆಲ್ಲ ಅವನಿಗೇ ಎಂದು ಮಾತಾಯಿತು.

ಮೊದಲ ದಿನ ಬೇಲಿ ಹೋಯಿತು. ಎರಡನೆಯ ದಿನ ಮಲ್ಲಪ್ಪ ಆಳುಗಳೊಂದಿಗೆ ಬಂದರೆ ಕಟ್ಟೆಯ ಮೇಲೆ ಆಯಿ.

"ಬೇಲಿ ತಗದದ್ದ ಚಲೋ ಆತು, ತಂತ್ಯಾಗ ಸೀರಿ ಸಿಗಬೀಳತಿತ್ತು," ಅಂದರು.

ಮಲ್ಲಪ್ಪ ನನ್ನನ್ನು ಬದಿಗೆ ಕರೆದ. "ಸರ್, ಆಯಿಗೆ ನೀವ ಹೇಳ್ರಿ."

"ಗುತ್ತಿಗಿ ನಿಮಗ ಕೊಟ್ಟೇನಿ, ನೀವ ಹೇಳ್ರಿ."

"ಕಲ್ಲ ಎಬ್ಬಸೂ ಗುತ್ತಿಗಿ ಹಿಡದೇನ್ರಿ. ಕುಂತ ಹಿರ್ಯಾರನ್ನ ಎಬ್ಬಸೂದು ನನ್ನಿಂದ ಆಗೂದಿಲ್ಲ."

ಕೂತ ಹಿರಿಯರಿಗೆ ಏಳಿರೆನ್ನುವ ನಾಲಿಗೆ ನಮ್ಮೂರಲ್ಲಿ ಯಾರಿಗೂ ಇಲ್ಲ, ನನಗೂ ಇರಲಿಲ್ಲ. ಹಾಗೆಂದು ಒಡೆಸುವ ಆಸೆಯನ್ನೂ ನಾನು ಬಿಡಲಿಲ್ಲ. ಆಳುಗಳು ಚಹಾ ಕುಡಿದು, ಆಯಿಯ ಶೇಂಗಾ ಸುಲಿದುಕೊಟ್ಟು ಹೋದರು. ಮೂರನೆಯ ದಿನವೂ ಅದೇ ನಡೆಯಿತು.

ನಾಲ್ಕನೆಯ ದಿನ ಆಯಿಯ ಕಣ್ಣು ಗೋಡೆಗೆ ಒರಗಿಸಿದ್ದ ಹಾರೆಯ ಮೇಲೆ ಬಿತ್ತು.

"ತಮ್ಮಾ, ಈ ಕಟ್ಟಿ ಒಡಸಾಕತ್ತೀಯೇನು?"

ನಾನು ಹಾರೆಯನ್ನೇ ನೋಡುತ್ತ ನಿಂತೆ.

"ಮೊದಲ ಹೇಳಬಾರದೇನೊ? ಮಂದೀನ ಸುಮ್ಮನ ಕಾಯಿಸಿದಿ. ನನಗೇನು, ಕುಂಡ್ರಾಕ ಊರ ತುಂಬ ಕಟ್ಟಿ ಅದಾವು."

ನಮ್ಮ ಓಣಿಯಲ್ಲಿ ಉಳಿದಿದ್ದದ್ದು ಅದೊಂದೇ ಕಟ್ಟೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸೀರೆ ಕೊಡವಿಕೊಂಡು ಎದ್ದರು. ನಾನು ತಡೆಯಲಿಲ್ಲ. ಖರೆ ಹೇಳುತ್ತೇನೆ, ಆಗ ನನಗೆ ದುಃಖವಾಗಲಿಲ್ಲ, ತಲೆಯ ಮೇಲಿನ ಭಾರ ಇಳಿದಂತಾಯಿತು. ನಾಚಿಕೆ ಬಂದದ್ದು ಸಂಜೆ, ಟ್ರ್ಯಾಕ್ಟರಿಗೆ ಕಲ್ಲು ಹೇರಿದ ಮಲ್ಲಪ್ಪ ಆಯಿ ಕೂಡುತ್ತಿದ್ದ ಮೂಲೆಯ ಕಲ್ಲೊಂದನ್ನು ಮಾತ್ರ ಅಲ್ಲೇ ಬಿಟ್ಟಾಗ.

"ಇದು ನನ್ನ ಪಾಲಿಂದಲ್ರಿ, ಆಯೀದು," ಅಂದ.

ಮರುದಿನ ಆಯಿ ಮೊರ ಹಿಡಿದು ಬಂದರು. ಆ ಕಲ್ಲಿಗೆ ಒತ್ತಿಕೊಂಡು ನನ್ನ ಕಾರು ನಿಂತಿತ್ತು. ಒಂದು ಗಳಿಗೆ ನೋಡಿ ತಿರುಗಿ ಹೋದವರು ಮತ್ತೆ ಬರಲಿಲ್ಲ. ಈ ಎರಡು ವರ್ಷ ನಾನು ಅವರ ಗೇಟಿನ ಮುಂದೆ ಹಾರ್ನ್ ಹೊಡೆದುಕೊಂಡು ಓಡಾಡಿದ್ದೇನೆ. "ಯಾರ ಗಾಡಿ ಹೋತು ಅದು?" ಎಂದು ಒಳಗಿನಿಂದ ಆಯಿಯ ದನಿ ಕೇಳುತ್ತದೆ. ನಾನು ಕಾರಿನ ಗಾಜು ಏರಿಸಿಕೊಳ್ಳುತ್ತೇನೆ.

ಇವತ್ತು ಗೀರು ಒರೆಸುತ್ತ ಕೂಡಲಿಲ್ಲ. ಕಾರನ್ನು ಒಯ್ದು ಗುಡಿಯ ಮುಂದಿನ ಬಯಲಲ್ಲಿ ಬಿಸಿಲಿಗೆ ನಿಲ್ಲಿಸಿದೆ. ಎರಡು ಕೊಡ ನೀರು ಹಾಕಿ ಕಲ್ಲು ತೊಳೆದೆ. ಆಮೇಲೆ ಹೋಗಿ ಗೇಟು ಬಡಿದೆ.

"ಆಯಿ, ಕುಂಡ್ರಾಕ ಬರ್ರಿ."

ಅವರು ಮೊರ ಹಿಡಿದೇ ಹೊರಬಂದರು. ಖಾಲಿ ಅಂಗಳ ನೋಡಿದರು, ಇನ್ನೂ ಆರದ ಕಲ್ಲು ನೋಡಿದರು, ನನ್ನನ್ನು ನೋಡಿದರು.

"ಗಾಡಿಗೆ ಏಳ ಅಂತ ಯಾರ ಹೇಳಿದ್ರೊ ತಮ್ಮಾ?" ಅಂದವರು ಉತ್ತರಕ್ಕೆ ಕಾಯದೆ ಕೂತರು.