ತಂಗಿಯ ಎರಡು ಕೊಡಗಳಿಗೆ ಜಾಗ

ಗೌರಿ ನಮ್ಮವಳು ಎಂಬ ಒಂದು ಮಾತನ್ನು ನಾನು ಆಡಲಿಲ್ಲ. ಗೌರಿ ನನ್ನ ಒಡಹುಟ್ಟಿದ ತಂಗಿ. ಆಡಬೇಕಾದ ದಿನ ಕೊಳಾಯಿಯ ಹತ್ತಿರವೇ ತಲೆ ಬಗ್ಗಿಸಿ ನಿಂತಿದ್ದೆ.

ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು. ಲಿಂಗಸುಗೂರು ಕಡೆಯಿಂದ ಬೆಂಗಳೂರಿನ ಮರ್ಫಿ ಟೌನಿನ ಹಿಂದಿರುವ ಈ ತಗಡಿನ ಮನೆಗಳಿಗೆ ಬಂದ ಮೊದಲ ಬೆಳಿಗ್ಗೆ ಕಂಡದ್ದು ಕೊಡಗಳ ಸಾಲು. ಸುತ್ತ ಒಬ್ಬ ಮನುಷ್ಯನೂ ಇಲ್ಲ. ಹಸಿರು, ಕೆಂಪು ಪ್ಲಾಸ್ಟಿಕ್ ಕೊಡಗಳು ತಾವೇ ನೀರಿಗೆ ಕಾಯುತ್ತಿದ್ದವು. ಇಲ್ಲಿಯವರು ಅದನ್ನು ವರಿಸೆ ಎನ್ನುತ್ತಾರೆ, ತಮಿಳಿನಲ್ಲಿ ಸಾಲು ಎಂದರ್ಥ. ಮನೆಗೆ ಆರು ಕೊಡ, ದಿನ ಬಿಟ್ಟು ದಿನ. ಒಬ್ಬರ ಕೊಡವನ್ನು ಇನ್ನೊಬ್ಬರು ಸರಿಸುವುದಿಲ್ಲ. ನಮ್ಮೂರ ಬಾವಿಯ ಹತ್ತಿರ ಯಾರ ಪೈಕಿ ಎಂದು ಕೇಳುತ್ತಿದ್ದರು. ಇಲ್ಲಿ ಯಾವಾಗ ಬಂದಿರಿ ಎಂದು ಕೇಳುತ್ತಾರೆ. ಹಳಬಳಾದ ಮೇಲೆ ಆ ಪ್ರಶ್ನೆ ನನಗೂ ಹಿತವಾಯಿತು.

ಹೊಸ ಮನೆಯೊಂದು ವರಿಸೆಗೆ ಸೇರಬೇಕೆಂದರೆ ಹಳಬರೊಬ್ಬರು ಎಲ್ಲರೆದುರು ‘ಇವರು ನಮ್ಮವರು’ ಎನ್ನಬೇಕು, ತಮ್ಮ ಆರರಲ್ಲಿ ಎರಡು ಕೊಡ ಬಿಟ್ಟುಕೊಡಬೇಕು. ಮನೆ ಹೆಚ್ಚಿದರೂ ನೀರು ಹೆಚ್ಚುವುದಿಲ್ಲವಲ್ಲ, ಅದಕ್ಕೇ ಹೆಂಗಸರು ಮಾಡಿಕೊಂಡ ಕಟ್ಟುಪಾಡು.

ಗೌರಿ ಗಂಡನೊಡನೆ ಬಂದು ಪಕ್ಕದ ಮನೆ ಹಿಡಿದಾಗ, ಕೊಳಾಯಿ ನೋಡಿಕೊಳ್ಳುವ ಸೆಲ್ವಿಯಕ್ಕ ಕೇಳಿದರು: “ಈ ಹುಡುಗಿ ಪರವಾಗಿ ಯಾರಮ್ಮಾ ಹೇಳ್ತೀರ?” ಎಲ್ಲರೂ ನನ್ನನ್ನೇ ನೋಡಿದರು. ನನಗೆ ಮೂವರು ಮಕ್ಕಳು. ನಾಲ್ಕೇ ಕೊಡದಲ್ಲಿ ಹೇಗೆ ತೂಗಿಸಲಿ ಎಂದು ಯೋಚಿಸುತ್ತಿರುವಾಗಲೇ ಮಾತು ಬೇರೆ ಕಡೆ ಹೋಯಿತು.

ಆಮೇಲೆ ಗೌರಿ, ತಾನು ಪಾತ್ರೆ ತೊಳೆಯುವ ಇಂದಿರಾನಗರದ ಮನೆಯಿಂದ ಎರಡು ಕ್ಯಾನ್ ನೀರು ಹೊತ್ತು ನಡೆದು ಬರತೊಡಗಿದಳು. ನನ್ನನ್ನು ಏನೂ ಕೇಳಲಿಲ್ಲ. “ಬಂಗಲೆ ನೀರು, ಯಕ್ಕಾ. ನಿಮ್ ನೀರಿಗಿಂತ ರುಚಿ ಅದ,” ಎಂದು ನಗುತ್ತಿದ್ದಳು.

ಕಳೆದ ತಿಂಗಳು ಜ್ವರ ಬಂದು ನಾನು ಏಳಲಾಗಲಿಲ್ಲ. ಕಣ್ಣು ಬಿಟ್ಟಾಗ ಆರೂ ಕೊಡಗಳು ತುಂಬಿ ಒಲೆಯ ಪಕ್ಕ ಕೂತಿದ್ದವು. ಸೆಲ್ವಿಯಕ್ಕ ಬಾಗಿಲಲ್ಲಿ ನಿಂತಿದ್ದರು.

“ನಿನ್ ತಂಗಿ ತುಂಬಿಸಿದ್ಳು. ತನಗೆ ಒಂದು ಲೋಟನೂ ಹಿಡ್ಕೊಳ್ಳಿಲ್ಲ. ಹಿಡ್ಕೊಳ್ಳೇ ಅಂದ್ರೆ, ನಂಗೆ ವರಿಸೆ ಇಲ್ಲ ಅಂದ್ಳು. ನೀನೆಂಥ ಅಕ್ಕ ಕಣಮ್ಮ?”

ಮುಂದಿನ ನೀರಿನ ದಿನ ಗೌರಿಯ ಕೈ ಹಿಡಿದು ಕರೆದೊಯ್ದೆ. ನನ್ನ ಎರಡು ಕೊಡ ತೆಗೆದು ಆ ಜಾಗಕ್ಕೆ ಅವಳವನ್ನು ಇಟ್ಟೆ.

“ಇವ್ಳು ನಮ್ಮವ್ಳು. ಅವತ್ತೇ ಹೇಳ್ಬೇಕಿತ್ತು. ನೀರಿನಾಸೆಗೆ ಸುಮ್ನಿದ್ಬಿಟ್ಟೆ,” ಎಂದೆ.

ಅದು ಇಷ್ಟು ವರ್ಷಗಳಲ್ಲಿ ಕಲಿತ ಬೆಂಗಳೂರಿನ ಮಾತು. ಇಲ್ಲಿಯವರಿಗೆ ಅಷ್ಟು ಸಾಕಾಯಿತು. ನಿನ್ನದು ಯಾವೂರು ಎಂದು ಯಾರಾದರೂ ಕೇಳಿದರೆ ಈಚೆಗೆ ತಡವರಿಸುತ್ತೇನೆ. ತಂಗಿಯ ಕಡೆ ತಿರುಗಿದಾಗ ಮಾತ್ರ ತಡವರಿಸಲಿಲ್ಲ, ನಮ್ಮೂರ ಮಾತೇ ಬಂತು.

“ತಪ್ಪಾಗ್ಯಾದ, ಗೌರಿ. ಹೊಟ್ಯಾಗ ಹಾಕ್ಕೋ.”