ಹೆಲ್ಮೆಟ್ಟಿನ ಮೇಲಿನ ಹಳದಿ ಹೂವು

ಸಮುದ್ರದ ದಂಡೆಯ ಆ ಊರಿನಲ್ಲಿ ಕೈಯಿಂದ ಬರೆದ ಬೋರ್ಡುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳ ಬಲಮೂಲೆಯನ್ನು ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ಗಾತ್ರದ, ಐದೆಸಳಿನ ಹಳದಿ ಹೂವು ಕಾಣುತ್ತದೆ. ಬೇರೆ ಪೇಂಟರುಗಳು ಹೆಸರು ಬರೆದುಕೊಳ್ಳುವ ಜಾಗದಲ್ಲಿ ಇವುಗಳನ್ನು ಬರೆದವನು ಹೂವು ಬಿಡಿಸುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ, “ಹೆಸರಾದ್ರೆ ಓದಬೇಕು, ಹೂವಾದ್ರೆ ನೋಡಿದ್ರೆ ಸಾಕು” ಎನ್ನುತ್ತಿದ್ದ. ಹೀಗಾಗಿ ಅವನ ಸ್ವಂತ ಹೆಸರು ಊರಿಗೆ ಮರೆತೇ ಹೋಗಿ, ಅವನು ಹೂವಿನ ಪೇಂಟರ್ ಆಗಿ ಉಳಿದ.

ದವಾಖಾನೆ, ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿ, ಕೊನೆಗೆ ಪೊಲೀಸ್ ಠಾಣೆಯ ಬೋರ್ಡು ಕೂಡ ಅವನ ಕೈಯದೇ. ಠಾಣೆಯ ಬೋರ್ಡಿನಲ್ಲಿ ಹೂವು ಬೇಡ ಎಂದು ಸಾಹೇಬರು ಗದರಿದಾಗ ಅದನ್ನು ಚೌಕಟ್ಟಿನ ಒಳಮಗ್ಗುಲಿಗೆ ಬಿಡಿಸಿ ಬಂದಿದ್ದ. ಅಂಥ ಹಟ. ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಬೋರ್ಡು ತಯಾರು. ಮೂರು ಬಗೆಯ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಅಕ್ಷರದ ಹೊಟ್ಟೆ ತಿರುಗಿಸುವವನನ್ನು ಯಾರು ಕೇಳುತ್ತಾರೆ? ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿತು. ಪೇಂಟರ್ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ದಾರಿ ನೋಡತೊಡಗಿದ.

ಆ ದಾರಿಯಲ್ಲಿ ಬಂದವನೇ ಅವನ ಬಾಮೈದ, ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ಬಾಯಿ ಸಕ್ಕರೆ, ಕೈ ಚುರುಕು. ಮರಳದಂಡೆಯ ಓಣಿಯಲ್ಲಿ ಬಾಡಿಗೆ ಸ್ಕೂಟರಿನ ಅಂಗಡಿ ಇಟ್ಟಿದ್ದ. ಊರಿಗೆ ಬರುವ ವಿದೇಶದವರೆಲ್ಲ ಅವನ ಬಾಗಿಲಿಗೇ ಬರುತ್ತಿದ್ದರು.

“ಭಾವ, ಬೋಳು ಹೆಲ್ಮೆಟ್ಟು ತಲೆ ಮೇಲೆ ಮಡಕೆ ಬೋರಲು ಹಾಕಿದ ಹಾಗೆ ಕಾಣುತ್ತೆ. ನಿಮ್ಮ ಹೂವು ಹಾಕಿಕೊಡಿ. ಹಣೆ ಮೇಲೆ, ದೂರಕ್ಕೆ ಕಾಣೋ ಹಾಗೆ.”

“ಎಲ್ಲದಕ್ಕೂ ಹಾಕ್ಲೇನೋ?”

“ಬೇಡ ಬೇಡ, ಅರ್ಧಕ್ಕೆ ಸಾಕು. ಇಷ್ಟ ಇದ್ದೋರು ಹಾಕ್ಕೋತಾರೆ.”

ಪೇಂಟರಿಗೆ ಹೋದ ಜೀವ ಬಂದಂತಾಯಿತು. ಉಗುರಿನಷ್ಟಿದ್ದ ಹೂವು ಅಂಗೈಯಷ್ಟಾಯಿತು. ಎಸಳಿನ ಅಂಚಿಗೆ ಕಿತ್ತಳೆ ಎಳೆದು, ಮೇಲೆ ವಾರ್ನಿಷು ಬಳಿದು, ಹಗ್ಗದ ಮೇಲೆ ಸಾಲಾಗಿ ಒಣಹಾಕುತ್ತಿದ್ದ. ಕೆಂಪು ಮೂಗಿನ, ಬಿಳಿ ಕಾಲಿನ ಪ್ರವಾಸಿಗಳು ಹಣೆಯ ಮೇಲೆ ಅವನ ಹೂವಿಟ್ಟುಕೊಂಡು ಮನೆಯ ಮುಂದೆ ಹಾದುಹೋದರೆ ಅಡುಗೆಮನೆಯ ಕಡೆ ಕೂಗುತ್ತಿದ್ದ: “ಏ, ನೋಡೇ! ನನ್ನ ಬೋರ್ಡಿಗೆ ಕಾಲು ಬಂದಿದೆ!”

ಹೆಂಡತಿ ಹೊರಗೆ ಬಂದು ನೋಡುತ್ತಿದ್ದಳು. ಮತ್ತೆ ಒಲೆಯ ಕಡೆಗೆ ತಿರುಗುತ್ತಿದ್ದಳು.

ಹೊಸ ಹೆಲ್ಮೆಟ್ಟಿನ ಜೊತೆ ಹಳೆಯವೂ ರಿಪೇರಿಗೆ ಬರುತ್ತಿದ್ದವು. ಎಸಳು ಕಿತ್ತುಹೋದವು, ಅರ್ಧ ಹೂವೇ ಉಜ್ಜಿಹೋದವು. ಹೂವಿಲ್ಲದ ಬೋಳು ಹೆಲ್ಮೆಟ್ಟುಗಳು ಮಾತ್ರ ಅಪರೂಪಕ್ಕೆ ಬರುತ್ತಿದ್ದವು. ‘ಬಾಡಿಗೆ ಮಾಲು ತಾನೆ, ಎತ್ತಿ ಬಿಸಾಡ್ತಾರೆ’ ಎಂದು ಗೊಣಗುತ್ತ ಅವನು ಹೊಸ ಎಸಳು ತಿದ್ದುತ್ತಿದ್ದ. ಒಳಗಿನ ಬಟ್ಟೆಯನ್ನು ಬಿಚ್ಚಿ ಹೆಂಡತಿಗೆ ಒಗೆಯಲು ಕೊಡುತ್ತಿದ್ದ. ವರ್ಷಗಳು ಹೀಗೇ ಹೋದವು. ಹೊಟ್ಟೆಯೂ ತುಂಬಿತು, ಹೂವೂ ಉಳಿಯಿತು. ಇನ್ನೇನು ಬೇಕು?

ಚಳಿಗಾಲ ಬಂತೆಂದರೆ ಊರಿಗೆ ತಪ್ಪದೆ ಬರುವ ವಿದೇಶದ ಹೆಂಗಸೊಬ್ಬಳಿದ್ದಳು. ತನ್ನ ದೇಶದಲ್ಲಿ ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತಳಾದವಳು. ಊರು ಅವಳಿಗೆ ಬಸ್ಸಕ್ಕ ಎಂದು ಹೆಸರಿಟ್ಟಿತ್ತು. ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತ ಮುರುಕು ಮಾತು, ಗಂಡಸಿನಂಥ ಹೆಜ್ಜೆ, ಬಿದ್ದು ಬಿದ್ದು ನಗುವ ನಗೆ. ಸ್ಕೂಟರು ಬಾಡಿಗೆಗೆ ಪಡೆದರೂ ಹೆಲ್ಮೆಟ್ಟು ಮಾತ್ರ ತನ್ನ ದೇಶದಿಂದ ತಂದದ್ದೇ. ತಿರುವಿಗೆ ಮುಂಚೆ ಕೈ ತೋರಿಸುವುದು, ಹೆಂಗಸರು ಮಕ್ಕಳು ರಸ್ತೆ ದಾಟುವ ತನಕ ನಿಲ್ಲುವುದು, ಯಾರೂ ಇಲ್ಲದ ಚೌಕದಲ್ಲೂ ಕೆಂಪು ದೀಪಕ್ಕೆ ಕಾಯುವುದು! ಹಿಂದಿನವರು ಹಾರ್ನ್ ಒತ್ತಿ ಒತ್ತಿ ಸುಸ್ತಾಗುತ್ತಿದ್ದರು.

ಆ ವರ್ಷ ಅವಳು ಪೇಂಟರನ ಕಟ್ಟೆಗೆ ಬಂದು ತನ್ನ ಬಿಳಿ ಹೆಲ್ಮೆಟ್ಟು ಮುಂದಿಟ್ಟಳು. “ಅಣ್ಣಾ, ನನಗೂ ಹೂವು. ನಿನ್ನ ಹೂವು.”

ಅವನು ಮೂರು ಸಲ ಬಣ್ಣ ಹಚ್ಚಿ, ಜೀವಮಾನದಲ್ಲೇ ಚೆಂದದ ಹೂವು ಬಿಡಿಸಿಕೊಟ್ಟ. ಕಾಸು ಮುಟ್ಟಲಿಲ್ಲ.

ಮಾರನೆಯ ದಿನ ಬಸ್ಸಕ್ಕ ವಾಪಸು ಬಂದಳು. ಮುಖ ಕೆಂಡ.

“ಅಣ್ಣಾ, ಪೊಲೀಸ್ ನನ್ನ ಹಿಡಿದ. ಬಿಟ್ಟ. ವಾಪಸ್ ಬಂದೆ, ಮತ್ತೆ ಹಿಡಿದ! ಇಷ್ಟು ವರ್ಷ ಒಂದು ಸಲ ಇಲ್ಲ. ನಾನು ಏನು ತಪ್ಪು?”

ತಪ್ಪಿರಲು ಸಾಧ್ಯವೇ ಇಲ್ಲ. ಅವಳ ದೇಶದ ಲೈಸೆನ್ಸು, ಜೊತೆಗೆ ಪರದೇಶದಲ್ಲಿ ಓಡಿಸಲು ಕೊಡುವ ಪರವಾನಗಿ, ಅದರಲ್ಲಿ ಸ್ಕೂಟರಿಗೆ ಬೇರೆ ಮುದ್ರೆ, ಕಾರಿಗೆ ಬೇರೆ, ಬಸ್ಸಿಗೆ ಬೇರೆ. ಕಾನೂನು ಕೇಳುವುದು ಇಷ್ಟನ್ನೇ. ಬರೀ ಕಾರಿನ ಲೈಸೆನ್ಸು ಇಟ್ಟುಕೊಂಡು ಸ್ಕೂಟರು ಹತ್ತುವಂತಿಲ್ಲ. ಹತ್ತುವವರೇ ಹೆಚ್ಚು, ಆ ಮಾತು ಬೇರೆ.

“ಬಾರಮ್ಮಾ, ನಾನೇ ಕೇಳ್ತೀನಿ” ಎಂದು ಪೇಂಟರ್ ಅವಳ ಹಿಂದೆ ಕೂತು ಹೊರಟ.

ಬಂದರಿನ ತಿರುವಿನಲ್ಲಿ ಟ್ರಾಫಿಕ್ ಪೇದೆ ನಿಂತಿದ್ದ. ಬಾಯಿಂದ ಸೀಟಿ ತೆಗೆದವನಲ್ಲ, ಅದಕ್ಕೇ ಸೀಟಿ ಸಾಹೇಬ ಎಂಬ ಹೆಸರು. ಹೂವು ದೂರದಲ್ಲಿ ಕಂಡಿದ್ದೇ ಕೈ ಎತ್ತಿದ. ಹತ್ತಿರ ಬಂದಾಗ ಹಿಂದೆ ಕೂತ ಪೇಂಟರ್ ಕಂಡ. ಸೀಟಿ ಬಾಯಿಂದ ಜಾರಿತು.

“ಏನು ಪೇಂಟರಣ್ಣಾ, ನೀವೇ ಹೀಗೆ ಮಾಡಿದ್ರೆ ಹೇಗೆ?”

“ನಾನೇನು ಮಾಡ್ದೆ ಸಾಹೇಬ್ರೆ?”

“ಹೂವು ಕಂಡು ಹಿಡಿದ್ರೆ ಈಯಮ್ಮ ಎಲ್ಲಾ ಮುದ್ರೆ ಇರೋ ಪರವಾನಗಿ ಮುಖಕ್ಕೆ ಹಿಡೀತಾಳೆ! ಎಲ್ಲರ ಮುಂದೆ ನನ್ನ ಮರ್ಯಾದೆ ಹೋಯ್ತು. ಲೈಸೆನ್ಸ್ ಇರೋರಿಗೆ ಬೋಳು, ಇಲ್ಲದೋರಿಗೆ ಹೂವು ಅಂತ ತಾನೆ ಮಾತು? ನಿಮ್ಮ ಬಾಮೈದ ಲೆಕ್ಕ ತಪ್ಪೋನಲ್ಲ. ನೀವು ಯಾಕೆ ಕಂಡಕಂಡೋರ ತಲೆಗೆಲ್ಲ ಬಿಡಿಸಿ ಕೆಲಸ ಕೆಡಿಸ್ತೀರಾ?”

ಪೇಂಟರನ ಕಿವಿಯಲ್ಲಿ ಸಮುದ್ರ ಭೋರ್ಗರೆಯಿತು. ಬಸ್ಸಕ್ಕನಿಗೆ ಅಷ್ಟು ವೇಗದ ಮಾತು ಅರ್ಥವಾಗಲಿಲ್ಲ. ಆದರೆ ಪೇಂಟರನ ಮುಖ ನೋಡಿ ಅವಳು ಸ್ಕೂಟರಿನ ಎಂಜಿನ್ನು ಆರಿಸಿದಳು.

“ಹಿಡಿದು… ಏನು ಮಾಡ್ತೀರಿ?”

“ಏನು ಮಾಡೋದು! ಕೈ ಬಿಸಿ ಮಾಡ್ತಾರೆ, ಹೋಗ್ತಾರೆ. ಆಮೇಲೆ ಇಡೀ ದಿನ ಅವರ ತಂಟೆಗೆ ಹೋಗಲ್ಲ. ಮಾತು ಅಂದ್ರೆ ಮಾತು.” ಸಾಹೇಬನ ದನಿಯಲ್ಲಿ ಪ್ರಾಮಾಣಿಕನ ಹೆಮ್ಮೆ ಇತ್ತು.

ನೋಡಿ, ಲಂಚ ತಿನ್ನುವವನಿಗೂ ಮಾತು ಉಳಿಸಿಕೊಂಡ ಸಮಾಧಾನ ಬೇಕಾಗುತ್ತದೆ. ಓಡಿಸಲು ಬಾರದವನನ್ನು ಹಿಡಿಯುವುದು, ಹಿಡಿದು ರಸ್ತೆಗೇ ಬಿಡುವುದು, ಬಿಟ್ಟ ಮೇಲೆ ದಿನವಿಡೀ ಕಣ್ಣು ಮುಚ್ಚುವುದು. ಇದಕ್ಕೆ ಸರ್ಕಾರಿ ಸಂಬಳ, ಇಸ್ತ್ರಿ ಮಾಡಿದ ಸಮವಸ್ತ್ರ.

ಬಾಮೈದನ ಅಂಗಡಿಯ ಮುಂದೆ ಪೇಂಟರ್ ಇಳಿದಾಗ ಇಬ್ಬರು ವಿದೇಶದ ಹುಡುಗರು ಹೆಲ್ಮೆಟ್ಟು ಆರಿಸುತ್ತಿದ್ದರು. ಒಬ್ಬ ಬೋಳು ಹೆಲ್ಮೆಟ್ಟಿಗೆ ಕೈಹಾಕಿದ. ಬಾಮೈದ ನಗುನಗುತ್ತ ಅದನ್ನು ಕಸಿದುಕೊಂಡು ಹೂವಿನದನ್ನು ಅವನ ತಲೆಗೆ ತಾನೇ ಇಟ್ಟ. ಹುಡುಗ ಬ್ರೇಕು ಯಾವ ಕೈಗೆ ಎಂದು ಸನ್ನೆಯಲ್ಲಿ ಕೇಳುತ್ತಿದ್ದ!

“ಇದೇನೋ ಇದು?” ಪೇಂಟರ್ ಹುಡುಗನ ಹಣೆಯ ಕಡೆ ಬೆರಳು ತೋರಿಸಿದ.

“ಯಾವುದು ಭಾವ?”

“ಹೂವು.”

ಬಾಮೈದ ಮತ್ತೆ ಸಕ್ಕರೆಯಾದ. “ಯಾರಿಗೆ ನಷ್ಟ ಹೇಳಿ? ಲೈಸೆನ್ಸ್ ಇಲ್ಲ ಅಂತ ವಾಪಸ್ ಕಳಿಸಿದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಇಲ್ಲಿ ಅವರಿಗೂ ಖುಷಿ, ಪೇದೆಗೂ ಖುಷಿ, ನಮಗೂ ಎರಡು ಹೊತ್ತು ಊಟ. ಪೇದೆ ಸಿಕ್ಕಸಿಕ್ಕೋರನ್ನ ನಿಲ್ಲಿಸಿದ್ರೆ ಲೈಸೆನ್ಸ್ ಇರೋ ಗಿರಾಕಿಗೆ ಕಿರಿಕಿರಿ ಅಲ್ವಾ? ಅದಕ್ಕೇ ಗುರುತು.”

“ನನ್ನ ಕೈಗುರುತು ಅದು. ನನ್ನ ಹೆಸರು ಕಣೋ!”

“ಭಾವ, ಫ್ಲೆಕ್ಸ್ ಬಂದ ಮೇಲೆ ಆ ಹೆಸರಿಗೆ ಅನ್ನ ಹಾಕಿದ್ದು ಯಾರು?”

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಪೇಂಟರ್ ನಡೆದೇ ಮನೆಗೆ ಬಂದ. ದಾರಿಯುದ್ದಕ್ಕೂ ಹೂವುಗಳು ಎದುರಾದವು. ಒಂದೊಂದು ಹೂವಿನ ಕೆಳಗೂ ಒಂದೊಂದು ನಗುಮುಖ.

ಹೆಂಡತಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. “ನಿನ್ನ ತಮ್ಮ ನನ್ನ ಕಿವಿ ಮೇಲೆ ಹೂವಿಟ್ಟುಬಿಟ್ಟ ಕಣೇ” ಎಂದ.

ಅವಳು ನಕ್ಕಳು. ಗಂಡ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಆಮೇಲೆ ನಗು ನಿಂತಿತು.

“ರೀ… ನಿಜವಾಗ್ಲೂ ನಿಮಗೆ ಗೊತ್ತಿರಲಿಲ್ವಾ?”

“ನಿನಗೆ ಗೊತ್ತಿತ್ತಾ?”

“ಊರಿಗೇ ಗೊತ್ತು. ಹಾಲಿನವಳಿಗೂ ಗೊತ್ತು. ನಿಮಗೆ ಗೊತ್ತಿದ್ದೂ ಬಿಡಿಸ್ತೀರಾ ಅಂದ್ಕೊಂಡಿದ್ದೆ. ನನ್ನ ಬೋರ್ಡಿಗೆ ಕಾಲು ಬಂತು ಅಂತ ಕೂಗ್ತಿದ್ರಲ್ಲ. ಇವರಿಗೆ ನಾಚಿಕೆನೂ ಇಲ್ವಲ್ಲ ಅಂತ ಮನಸ್ಸಲ್ಲೇ ಬೈಕೊಳ್ತಿದ್ದೆ.”

ಪೇಂಟರ್ ಕಟ್ಟೆಯ ಮೇಲೆ ಕೂತ. ಇಷ್ಟು ವರ್ಷ ಇದೇ ಮನೆಯಲ್ಲಿ, ಅವನಿಗೆ ದಿನಾ ಊಟ ಬಡಿಸಿದ ಕೈಯ ಲೆಕ್ಕದಲ್ಲಿ ಅವನೂ ಕಳ್ಳನೇ. ಅಷ್ಟಾದರೂ ಅವಳು ಬಡಿಸಿದಳು. ಯಾವುದು ಹೆಚ್ಚು ಸುಡುತ್ತದೆ ಎಂದು ಅವನಿಗೇ ತಿಳಿಯಲಿಲ್ಲ.

“ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದಳು ಅವಳು, ಬಕೆಟ್ಟಿನ ಕಡೆ ನೋಡುತ್ತ. “ರಿಪೇರಿಗೆ ಬರೋ ಹೆಲ್ಮೆಟ್ಟಿನ ಒಳಬಟ್ಟೆ ನಾನೇ ತಾನೆ ಒಗೆಯೋದು? ಅದರಲ್ಲಿರೋದು ಬೆವರಿನ ಕಲೆ ಅಲ್ಲ ರೀ. ಬಿಸಿನೀರು ಹಾಕಿದ್ರೆ ಇನ್ನೂ ಗಟ್ಟಿಯಾಗುತ್ತೆ. ತಣ್ಣೀರಲ್ಲೇ ನೆನೆಹಾಕಬೇಕು.”

ಅವನು ಎದ್ದು ಒಳಗೆ ಹೋದ. ಮೂಲೆಯಲ್ಲಿ ರಿಪೇರಿಗೆ ಬಂದ ಹೆಲ್ಮೆಟ್ಟುಗಳ ಗುಡ್ಡೆ ಇತ್ತು. ಮೇಲಿನದನ್ನು ಕಿಟಕಿಯ ಬೆಳಕಿಗೆ ಹಿಡಿದ. ಎರಡು ಎಸಳು ಉಜ್ಜಿಹೋಗಿದ್ದವು. ಬಣ್ಣದೊಳಗೆ ಡಾಂಬರಿನ ಕರಿ ಹರಳುಗಳು ಚುಚ್ಚಿಕೊಂಡಿದ್ದವು. ಗಲ್ಲದ ಪಟ್ಟಿಯ ಕೊಕ್ಕೆಯಲ್ಲಿ ಉದ್ದನೆಯ ಚಿನ್ನದ ಬಣ್ಣದ ಕೂದಲೊಂದು ಸಿಕ್ಕಿಕೊಂಡಿತ್ತು. ಎತ್ತಿ ಬಿಸಾಡಿದ ಹೆಲ್ಮೆಟ್ಟಿಗೆ ಹೀಗೆ ಒಂದೇ ದಿಕ್ಕಿಗೆ ಉಜ್ಜಿದ ಗಾಯ ಆಗುವುದಿಲ್ಲ. ಅದರೊಳಗೆ ತಲೆ ಇರಬೇಕು, ತಲೆ ರಸ್ತೆಗೆ ಬಿದ್ದು ಜಾರಿರಬೇಕು. ಇಂಥವಕ್ಕೆ ಅವನು ಎಷ್ಟು ಎಸಳು ತಿದ್ದಿರಬಹುದು! ಮಾರನೆಯ ದಿನವೇ ಅದೇ ಹೆಲ್ಮೆಟ್ಟು ಹೊಸ ಹೂವಿನೊಂದಿಗೆ ಇನ್ನೊಂದು ತಲೆಗೆ ಹೋಗಿದೆ. ಪೆಟ್ಟು ಬಿದ್ದು ಒಳಗೆ ಬಿರುಕುಬಿಟ್ಟ ಹೆಲ್ಮೆಟ್ಟಿಗೆ ಮೇಲೆ ವಾರ್ನಿಷು ಬಳಿದು ಕೊಟ್ಟವನು ಇವನೇ. ಹೂವು ಹೇಗೆ ಉಜ್ಜಿಹೋಯಿತು ಎಂದು ಅವನು ಕೇಳಲಿಲ್ಲ, ನಿಜ. ಕೇಳದೇ ಇದ್ದದ್ದೂ ಒಂದು ಕೆಲಸವೇ.

ಮಾರನೆಯ ಬೆಳಿಗ್ಗೆ ಅವನು ಆ ಗಾಯದ ಹೆಲ್ಮೆಟ್ಟನ್ನು ತಿದ್ದದೆ ಹಾಗೇ ತಲೆಗೆ ಹಾಕಿಕೊಂಡು ತನ್ನ ಹಳೆಯ ಮೊಪೆಡ್ಡು ಹತ್ತಿದ.

“ಎಲ್ಲಿಗೆ ರೀ?” ಎಂದಳು ಹೆಂಡತಿ.

“ನನ್ನ ಹತ್ರಾನೂ ಲೈಸೆನ್ಸ್ ಇಲ್ವಲ್ಲ” ಎಂದ.

ಇಲ್ಲವೇ ಇಲ್ಲ. ಗಡ್ಡ ಮೂಡುವ ಮೊದಲೇ ಮೊಪೆಡ್ಡು ಹಿಡಿದವನು. ಊರವನ ಹತ್ತಿರ ಯಾರು ಲೈಸೆನ್ಸು ಕೇಳುತ್ತಾರೆ? ಇದನ್ನು ಓದಿ ಮೂಗು ಮುರಿಯುವವರು ಒಮ್ಮೆ ತಮ್ಮ ಜೇಬನ್ನೂ ಮುಟ್ಟಿ ನೋಡಿಕೊಳ್ಳಲಿ.

ತಿರುವಿನಲ್ಲಿ ಸೀಟಿ ಸಾಹೇಬ ಹೂವು ಕಂಡು ಕೈ ಎತ್ತಿದ, ಮುಖ ಕಂಡು ಇಳಿಸಿದ.

“ಹೋಗಿ ಪೇಂಟರಣ್ಣಾ, ಏನಿದು ತಮಾಷೆ.”

“ಲೈಸೆನ್ಸ್ ಇಲ್ಲ ಸಾಹೇಬ್ರೆ. ಗುರುತು ಸರಿಯಾಗೇ ಇದೆ. ದಂಡ ಹಾಕಿ, ರಸೀದಿ ಕೊಡಿ.”

“ಅಯ್ಯೋ, ನೀವು ನಮ್ಮೋರು, ಹೋಗಿ!”

“ನಮ್ಮೋರು ಬಿದ್ರೆ ತಲೆ ಒಡೆಯಲ್ವಾ? ರಸೀದಿ ಕೊಡಿ.”

“ರಸೀದಿ ಪುಸ್ತಕ ಠಾಣೆಯಲ್ಲಿದೆ ಮಾರಾಯ್ರೆ. ಇಲ್ಲಿಗೆ ತಂದು ಯಾವ ಕಾಲವಾಯ್ತೋ!”

“ತರಿಸಿ. ಕೂತಿರ್ತೀನಿ.” ಮೊಪೆಡ್ಡಿನ ಕೀಲಿಯನ್ನು ಸಾಹೇಬನ ಅಂಗೈಗೆ ಹಾಕಿ, ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟ.

ಅಷ್ಟರಲ್ಲಿ ಹಿಂದಿನಿಂದ ನಿನ್ನೆಯ ಆ ಹುಡುಗ ಬಂದ, ಬ್ರೇಕು ಯಾವ ಕೈಗೆ ಎಂದು ಕೇಳಿದವನು. ಮೊಣಕೈಗೆ ಬ್ಯಾಂಡೇಜು. ಹೂವಿನ ಹೆಲ್ಮೆಟ್ಟಿನವನೊಬ್ಬ ಕೂತಿರುವುದು ಕಂಡು, ಇವತ್ತಿನ ಸಾಲು ಇಲ್ಲಿಂದಲೇ ಶುರು ಎಂದುಕೊಂಡನೋ ಏನೋ, ಪೇಂಟರನ ಹಿಂದೆ ಸ್ಕೂಟರು ನಿಲ್ಲಿಸಿ, ಮಡಿಸಿದ ನೋಟನ್ನು ಮುಂಚೆಯೇ ಕೈಯಲ್ಲಿ ಹಿಡಿದು ನಿಂತ. ಅವನ ಹಿಂದೆ ಇನ್ನೊಂದು ಹೂವು. ಅದರ ಹಿಂದೆ ಮತ್ತೊಂದು. ಮೀನಿನ ಗಾಡಿ ನಿಂತಿತು, ಶಾಲೆಯ ವ್ಯಾನು ನಿಂತಿತು, ಜನ ಸೇರಿದರು. ಸೀಟಿ ಸಾಹೇಬ ಬೆವರುತ್ತ ಸೀಟಿಯನ್ನು ಬಾಯಿಗೆ ಇಟ್ಟ, ಊದಲಿಲ್ಲ, ತೆಗೆದ. ಕೊನೆಗೆ ಠಾಣೆಗೆ ಫೋನು ಹೋಯಿತು.

ರಸೀದಿ ಬಂತು. ಅಂದು ಪೇಂಟರಿಗೊಂದು, ಹೂವಿನವರಿಗೆಲ್ಲ ಒಂದೊಂದು. ಜನರೆಲ್ಲ ನೋಡುತ್ತಿರುವಾಗ ಬೇರೆ ದಾರಿ ಇರಲಿಲ್ಲ.

ಬಾಮೈದ ಮಾತು ಬಿಟ್ಟ, ಕೆಲಸವೂ ನಿಂತಿತು. ಹೆಂಡತಿ ತಮ್ಮನ ಮನೆಯ ಹಾದಿ ತುಳಿಯುವುದಿಲ್ಲ. ಬದಲಿಗೆ ಬಾಗಿಲಲ್ಲಿ ನಿಂತು, ಗಂಡ ಬಸ್ಸಕ್ಕನ ಮುಂದೆ ಎಂಟರ ಆಕಾರದಲ್ಲಿ ಮೊಪೆಡ್ಡು ತಿರುಗಿಸುವುದನ್ನು ನೋಡಿ ನಗುತ್ತಾಳೆ. “ಕಾಲು ಕೆಳಗೆ ಇಲ್ಲ! ಇಲ್ಲ ಅಂದೆ!” ಎಂದು ಬಸ್ಸಕ್ಕ ಕೂಗುತ್ತಾಳೆ. ಲೈಸೆನ್ಸಿನ ಮೊದಲ ಸಲದ ಪರೀಕ್ಷೆಯಲ್ಲಿ ಅವನು ಕಾಲು ಊರಿಯೇ ಬಿಟ್ಟ, ಫೇಲಾದ. ಕಲಿಯುವವರ ಪರವಾನಗಿಯಲ್ಲೇ ಇನ್ನೂ ಓಡಾಡುತ್ತಾನೆ. ಮೊಪೆಡ್ಡಿನ ಹಿಂದೆ ಮುಂದೆ ಕೆಂಪು ಎಲ್ ಅಕ್ಷರ, ಅವನೇ ಕೈಯಾರೆ ಬರೆದದ್ದು. ಅಷ್ಟು ಚೆಂದದ ಎಲ್ ಊರಲ್ಲಿ ಮತ್ತೊಂದಿಲ್ಲ. ಅದರ ಮೂಲೆಯಲ್ಲಿ ಹೂವಿಲ್ಲ.

ಹೂವು ನಿಂತಿತು ಎಂದುಕೊಳ್ಳಬೇಡಿ. ಬಾಮೈದ ಫ್ಲೆಕ್ಸಿನ ಅಂಗಡಿಯಲ್ಲಿ ಅದೇ ಐದೆಸಳಿನ ಹಳದಿ ಹೂವನ್ನು ಸ್ಟಿಕ್ಕರ್ ಮಾಡಿಸಿದ್ದಾನೆ. ಕಿತ್ತಳೆಯ ಅಂಚು ಸಹ ಇದೆ. ಉಜ್ಜಿಹೋದರೆ ತಿದ್ದುವ ರಗಳೆಯೂ ಇಲ್ಲ, ಕಿತ್ತು ಇನ್ನೊಂದು ಅಂಟಿಸಿದರಾಯಿತು.

ಬಂದರಿನ ತಿರುವಿನಲ್ಲಿ ಸೀಟಿ ಸಾಹೇಬ ಈಗಲೂ ಹೂವುಗಳನ್ನು ನಿಲ್ಲಿಸುತ್ತಾನೆ, ಬಿಡುತ್ತಾನೆ. ಪೇಂಟರನಿಗೆ ಕೈ ಅಡ್ಡ ಹಾಕುವುದಿಲ್ಲ. ಆದರೂ ಪೇಂಟರ್ ದಿನಾ ಅಲ್ಲಿ ತಾನಾಗಿಯೇ ನಿಲ್ಲುತ್ತಾನೆ, ಯಾರೂ ಕೇಳದ ಪರವಾನಗಿಯನ್ನು ಜೇಬಿನಿಂದ ತೆಗೆದು ಸಾಹೇಬನ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾನೆ. ಸಾಹೇಬ ಸಮುದ್ರದ ಕಡೆ ಮುಖ ತಿರುಗಿಸುತ್ತಾನೆ. ಅವನು ಮತ್ತೆ ಈ ಕಡೆ ತಿರುಗುವವರೆಗೂ ಪೇಂಟರ್ ಹೊರಡುವುದಿಲ್ಲ.