ಬಂಡೆಮ್ಮನ ಬಿಗಿ ಗಂಟು

ಬಂಡೆಮ್ಮ ದೇವರನ್ನೂ ಪರೀಕ್ಷೆ ಮಾಡಿಯೇ ನಂಬುವವಳು. ಹಾಲಿನವನು ನೀರು ಬೆರೆಸುತ್ತಾನೆ, ಬೇಗಂ ಬಜಾರಿನವನು ತೂಕದಲ್ಲಿ ಹೊಡೆಯುತ್ತಾನೆ, ಆಸ್ಪತ್ರೆಯ ಗುಮಾಸ್ತನಾದ ನಾನು ಬೇಕೆಂದೇ ಅವಳ ಹಾಜರಿ ತಡವಾಗಿ ಹಾಕುತ್ತೇನೆ. ಪಟ್ಟಿ ಹೀಗೆ ಉದ್ದ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ನಿಜಾಮರ ಈ ಊರಿಗೆ ಬಂದವಳು ನಾರಾಯಣಗೂಡದ ನಮ್ಮ ಖಾಸಗಿ ಆಸ್ಪತ್ರೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟಗಳನ್ನು ತೊಳೆದು ಬಟ್ಟೆಯಲ್ಲಿ ಕಟ್ಟಿ ಕ್ರಿಮಿ ಕೊಲ್ಲುವ ಹಬೆಯ ಯಂತ್ರಕ್ಕೆ ಕೊಡುವುದು ಅವಳ ಕೆಲಸ. ಪ್ರತಿಯೊಂದರ ಕೀಲು ತೆರೆದು ಬ್ರಷ್ ಆಡಿಸುವಳು, ಬಿಳಿ ಬಟ್ಟೆಯಿಂದ ಒರೆಸಿ ಕಲೆ ಹತ್ತಿತೇ ಎಂದು ಬೆಳಕಿಗೆ ಹಿಡಿಯುವಳು. ಆ ಕೆಲಸಕ್ಕೆ ಅನುಮಾನ ಒಳ್ಳೆಯದೇ. ಕಷ್ಟವೇನಿದ್ದರೂ ನಮ್ಮಂಥವರಿಗೆ.

ಆಗ ಊರಿನ ತುಂಬ ಕಂಪ್ಯೂಟರ್ ಕೋರ್ಸಿನ ಬೋರ್ಡುಗಳು. ಸಾಫ್ಟ್‌ವೇರ್ ಕಂಪನಿಗಳವರು ರೋಗಿಗಳಾಗಿ ಬರತೊಡಗಿದ ಮೇಲೆ ಮಾಲೀಕರು ಬೇಗ ಕೆಲಸ ಮುಗಿಸುವ ಹೊಸ ಹಬೆಯ ಯಂತ್ರ ತರಿಸಿದರು. ಅದನ್ನು ನಡೆಸಲು ಡಿಪ್ಲೊಮಾ ಓದಿದ ಕೋಕಿಲಾ ಬಂದಳು. ರಾಯಚೂರಿನ ಹುಡುಗಿ, ಉಪ್ಪಲಿನಲ್ಲಿ ಮನೆ.

“ಇಷ್ಟ್ ಲಗೂ ಹುಳ ಸಾಯ್ತಾವೇನ? ಮಿಷಿನ್ನೂ ಖೊಟ್ಟಿ, ಹುಡುಗಿನೂ ಖೊಟ್ಟಿ,” ಎಂದು ಬಂಡೆಮ್ಮ ಮೊದಲ ದಿನವೇ ತೀರ್ಪು ಕೊಟ್ಟಳು.

ತಾನಿಲ್ಲದಾಗ ಈ ಹುಡುಗಿ ಗಂಟು ಬಿಚ್ಚಿ ಕೈಯಾಡಿಸಿದರೆ? ಎರಡು ಪದರ ಸುತ್ತುವಲ್ಲಿ ಬಂಡೆಮ್ಮ ದಪ್ಪ ಬಟ್ಟೆಯನ್ನು ಆರು ಪದರ ಸುತ್ತಿ, ಯಾರೂ ಬಿಚ್ಚಲಾಗದಂತೆ ಬಿಗಿದಳು.

“ಅಮ್ಮಾ, ಹಿಂಗ ಬಿಗಿದ್ರ ಹಬಿ ಒಳಗ ಹೋಗಂಗಿಲ್ರಿ. ಈ ಕಾಗದಪಟ್ಟಿ ಒಳಗ ಇಡ್ರಿ. ಹಬಿ ತಾಕಿದ್ರ ಕರ್ರಗಾಗತೈತಿ,” ಎಂದಳು ಕೋಕಿಲಾ.

“ನನ್ನ ಮ್ಯಾಲ ಕಾವಲೇನ? ನೀ ಹುಟ್ಟೂಕಿಂತ ಮದಲ ಭಾಂಡೆ ತಿಕ್ಕೀನಿ!”

ಪಟ್ಟಿಗಳು ಕಪಾಟಿಗೆ ಬಿದ್ದವು. ಗಂಟಿನ ಹೊರಗೆ ಅಂಟಿಸುವ ಟೇಪಿನ ಮೇಲೂ ಹಬೆಗೆ ಕಪ್ಪು ಗೆರೆ ಮೂಡುತ್ತಿತ್ತು. ಅದನ್ನು ನೋಡಿ ಎಲ್ಲರೂ ಸಮಾಧಾನಪಟ್ಟೆವು.

ಒಂದೇ ತಿಂಗಳಲ್ಲಿ ಮೂವರ ಆಪರೇಷನ್ ಗಾಯ ಕೀವುಗಟ್ಟಿತು. ದೊಡ್ಡ ಸಿಸ್ಟರ್ ಅಹಲ್ಯಾ ವಿಚಾರಣೆ ನಡೆಸಿದರು. ತೊಳೆಯುವ ಕೋಣೆಯಲ್ಲಿ ಇದ್ದವರು ಇಬ್ಬರೇ, ಒಬ್ಬರ ಕೆಲಸ ಹೋಗಲೇಬೇಕಿತ್ತು. ಬಂಡೆಮ್ಮ ನೆಟ್ಟಗೆ ಕೋಕಿಲಾಳ ಕಡೆ ಬೆರಳು ತೋರಿಸಿದಳು. ಕೋಕಿಲಾ ಬಿಗಿ ಗಂಟಿನ ಮಾತೆತ್ತಿದಳು. ಆದರೆ ಹದಿನಾಲ್ಕು ವರ್ಷದವಳ ಎದುರು ನಾಲ್ಕು ತಿಂಗಳವಳ ಮಾತು ಯಾರು ಕೇಳುತ್ತಾರೆ? ವಜಾ ಪತ್ರ ಟೈಪ್ ಮಾಡಿದವನು ನಾನೇ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹುಡುಗಿ ಹೋದಳು, ಯಂತ್ರವೂ ಬಂಡೆಮ್ಮನ ಕೈಗೇ ಬಂತು. ಹತ್ತು ದಿನಕ್ಕೆ ನಾಲ್ಕನೆಯ ಗಾಯ ಕೀವುಗಟ್ಟಿತು. ಹೆರಿಗೆಗೆ ಬಂದ ಸುವರ್ಣಾ ಎಂಬವಳ ಹೊಲಿಗೆ ಬಿಚ್ಚಿಕೊಂಡಿತ್ತು. ಜ್ವರದಲ್ಲಿ ಕೂಸಿಗೆ ಹಾಲೂಡಿಸಲಾಗದೆ ಅಳುತ್ತಿದ್ದಳು. ಬಂಡೆಮ್ಮ ವಾರ್ಡಿನ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಯಂತ್ರವನ್ನು ಕಂಪನಿಯವರು ಬಂದು ಪರೀಕ್ಷಿಸಿ, ಸರಿಯಿದೆ ಎಂದು ಹೋಗಿದ್ದರು. ಅನುಮಾನ ಪಡಲು ತನ್ನನ್ನು ಬಿಟ್ಟು ಇನ್ಯಾರೂ ಉಳಿದಿರಲಿಲ್ಲ.

ಕಪಾಟಿನಿಂದ ಕೋಕಿಲಾಳ ಒಂದು ಪಟ್ಟಿ ತೆಗೆದಳು. ಎಂದಿನಂತೆ ಆರು ಪದರ ಸುತ್ತಿ, ಪಟ್ಟಿಯನ್ನು ನಡುವೆ ಇಟ್ಟು ಯಂತ್ರಕ್ಕೆ ಹಾಕಿದಳು. ಹೊರಗಿನ ಟೇಪು ಕಪ್ಪಾಗಿ ಬಂತು. ಗಂಟು ಬಿಚ್ಚಿದಳು. ಒಳಗಿನ ಪಟ್ಟಿ ಬೆಳ್ಳಗೇ ಇತ್ತು.

ಗಂಟನ್ನು ಹಾಗೇ ಎತ್ತಿಕೊಂಡು ಅಹಲ್ಯಾ ಸಿಸ್ಟರ್ ಬಳಿಗೆ ಓಡಿದಳು. ಅವರು ಪಟ್ಟಿ ನೋಡಿದರು, ಎದ್ದು ಬಾಗಿಲು ಹಾಕಿದರು.

“ತಪ್ಪು ಆ ಹುಡುಗಿದಂತ ಬರದು ಫೈಲ್ ಮುಗದೈತಿ, ಬಂಡೆಮ್ಮ. ಇನ್ ಮ್ಯಾಲ ಎರಡ ಪದರ ಸುತ್ತು. ಬಾಯಿ ಮುಚ್ಚಿಕೊಂಡಿರು.”

ಆಗ ನಾನು ಆಸ್ಪತ್ರೆಯ ಮುಖ್ಯ ಡಾಕ್ಟರ್ ಉಪೇಂದ್ರರ ಕೋಣೆಯಲ್ಲಿ ಕಾಗದಗಳಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಬಂಡೆಮ್ಮ ಸಿಸ್ಟರ್ ಬಳಿಯಿಂದ ನೇರವಾಗಿ, ಕೇಳದೆ ಒಳಗೆ ಬಂದು ಬಿಚ್ಚಿದ ಗಂಟನ್ನು ಮೇಜಿನ ಮೇಲಿಟ್ಟಳು. ಡಾಕ್ಟರಿಗೆ ಅವಳ ದೂರುಗಳ ರೂಢಿಯಿತ್ತು. ತಲೆ ಎತ್ತದೆಯೇ ನಕ್ಕರು.

“ಈಗ ಯಾರ ಮ್ಯಾಲ ಅನುಮಾನ, ಬಂಡೆಮ್ಮ?”

“ಅನುಮಾನ ಅಲ್ರಿ ಸಾಬ್, ಖಾತ್ರಿ ಐತಿ. ನನ್ನ ಮ್ಯಾಲ. ನನ್ನ ಕೆಲಸದಿಂದ ತಗೀರಿ, ಆ ಹುಡುಗಿನ ತಿರುಗಿ ಕರಸ್ರಿ.”